ನಂದಿಯ ತಪ್ಪಲಿನ ಕಪ್ಪು ದ್ರಾಕ್ಷಿ

ಭಾನುವಾರದ ಪೂಜೆ ಮುಗಿದ ತರುವಾಯ ಕಂಪಲಾಪುರದ ಹೊಗೆಸೊಪ್ಪಿನ ಬೆಳೆಗಾರರೊಬ್ಬರು, "ಸ್ವಾಮಿ, ಪೀಠದ ಮೇಲಿಡುವ ದ್ರಾಕ್ಷಾರಸ ಯಾವ ಸೀಮೆಯ ಹಣ್ಣಿನದು?" ಎಂದು ಕೇಳಿದರು. ಅದು ವಿದೇಶದಿಂದಲೇ ಬರುವುದೆಂದು ಅವರು ನಂಬಿದ್ದರು.

ಅವರದು ಸಹಜವಾದ ಭಾವನೆಯೇ. ದ್ರಾಕ್ಷಾತೋಟವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕ್ಯಾಲೆಂಡರಿನಲ್ಲಿ ಕಂಡ ಐರೋಪ್ಯ ಬೆಟ್ಟ. ಜರ್ಮನಿಯ ಮೊಸೆಲ್ ನದಿಯ ದಂಡೆ ಅಂಥದು. ಅಲ್ಲಿನ ಕಾಲ್ಮಾಂಟ್ ಎಂಬ ಗುಡ್ಡದ ಇಳಿಜಾರು ಕೆಲವೆಡೆ 60 ಡಿಗ್ರಿಗೂ ಮಿಗಿಲು. ಬಳ್ಳಿಯ ಬುಡದಲ್ಲಿ ನಿಲ್ಲುವುದೇ ಸಾಹಸ. ಮಣ್ಣೆಂದರೆ ಬಹುಪಾಲು ಸ್ಲೇಟು ಕಲ್ಲಿನ ಚೂರು, ಬಾಲ್ಯದಲ್ಲಿ ನಾವು ಅಕ್ಷರ ತಿದ್ದಿದ ಅದೇ ಕಲ್ಲು. ಹಗಲಿನ ಬಿಸಿಲನ್ನು ಹೀರಿ, ಇರುಳಿನಲ್ಲಿ ಬಳ್ಳಿಗೆ ಆ ಶಾಖವನ್ನು ಹಿಂದಿರುಗಿಸುತ್ತದೆ. ಚಳಿಯ ನಾಡಿನಲ್ಲಿ ರೀಸ್ಲಿಂಗ್ ಎಂಬ ಬಿಳಿಯ ಹಣ್ಣು ಮಾಗುವುದು ಈ ಉಪಕಾರದಿಂದ. ಅಲ್ಲಿ ಬಳ್ಳಿ ಬೆಟ್ಟವೇರಿರುವುದು ಸೂರ್ಯನನ್ನು ಅರಸಿ.

ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಾದರೋ ಎತ್ತರ ಬೇಕಾಗಿರುವುದು ಸೂರ್ಯನಿಂದ ತುಸು ತಪ್ಪಿಸಿಕೊಳ್ಳಲು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಆ ಕೆಂಪು ನೆಲದಲ್ಲಿ ರಾತ್ರಿ ತಂಪು, ಮಣ್ಣಿನಲ್ಲಿ ನೀರು ನಿಲ್ಲದು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ ಫ್ರಾನ್ಸಿನ ತಳಿಗಳ ತೋಟ ಆರಂಭಿಸಿದ್ದು ಈ ಗುಣವನ್ನು ನೋಡಿಯೇ.

ಆದರೆ ನನ್ನ ಒಲವು ಅದಕ್ಕಿಂತ ಹಳೆಯದಾದ, ಚಪ್ಪರದ ಕೆಳಗೆ ಜೋತುಬೀಳುವ 'ಬೆಂಗಳೂರು ಬ್ಲೂ' ಹಣ್ಣಿನ ಕಡೆಗೆ. ದಪ್ಪ ಸಿಪ್ಪೆ, ಹುಳಿ ಬೆರೆತ ಸಿಹಿ, ಮೂಗಿಗೆ ತಟ್ಟುವ ಗಾಢ ಪರಿಮಳ. ಭೌಗೋಳಿಕ ಗುರುತು ಪಡೆದ ಈ ಹಣ್ಣನ್ನು ವೈನ್ ಪಂಡಿತರು ಮೆಚ್ಚುವುದಿಲ್ಲ. ಧರ್ಮಸಭೆಯ ಕಾನೂನು ಅಷ್ಟು ನಾಜೂಕಿನದಲ್ಲ: ರಸವು ದ್ರಾಕ್ಷಿಯಿಂದಲೇ ಆಗಿರಬೇಕು, ನೈಸರ್ಗಿಕವಾಗಿರಬೇಕು, ಕೆಟ್ಟಿರಬಾರದು. ನಮ್ಮ ರಾಜ್ಯದಲ್ಲಿ ಅಬಕಾರಿ ಇಲಾಖೆಯ ಅನುಮತಿ ಪಡೆದು ಪೂಜೆಯ ರಸ ತಯಾರಿಸುವಾಗ ಈ ಬಡವರ ಹಣ್ಣೂ ಬಳಕೆಯಾಗುತ್ತದೆ.

ಜರ್ಮನಿಯ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ತಾನೇ ನಿದ್ರಿಸುತ್ತದೆ. ನಮ್ಮದಕ್ಕೆ ನಿದ್ರೆಯೆಂಬುದಿಲ್ಲ, ರೈತನು ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕಿ ಎರಡು ಬೆಳೆ ತೆಗೆಯುತ್ತಾನೆ. ಸೆಮಿನರಿಯಲ್ಲಿ ಓದಿದ ಅರಿಸ್ಟಾಟಲನ ಸಾಧ್ಯತೆ-ಸಿದ್ಧಿಗಳ ಪಾಠ, ಬೋಳಾದ ಕಡ್ಡಿಯಲ್ಲಿ ಚಿಗುರೊಡೆದುದನ್ನು ನೋಡಿದ ಮೇಲೆ ನನಗೆ ಹೆಚ್ಚು ಅರ್ಥವಾಯಿತೆಂದರೆ ನನ್ನ ಗುರುಗಳು ಮುನಿಯಲಾರರು.

ಕಷ್ಟವಿರುವುದು ನೀರಿನಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಚಪ್ಪರದ ಹಸುರೆಲ್ಲ ಕೊಳವೆಬಾವಿಯದು. ಕೊಳ್ಳುವವರಿಲ್ಲದಿದ್ದರೆ ಇನ್ನೂ ಕಷ್ಟ. 2020ರ ಲಾಕ್‌ಡೌನಿನಲ್ಲಿ ಅಲ್ಲಿನ ಮಾಗಿದ ಗೊಂಚಲುಗಳಿಗೆ ಮಾರುಕಟ್ಟೆಯಿಲ್ಲದೆ ಬೆಳೆಗಾರರು ಕಂಗೆಟ್ಟರು.

ಇಷ್ಟನ್ನೂ ಹೇಳಿದಾಗ ಆ ಬೆಳೆಗಾರರು, "ನಮ್ಮದೂ ಕೆಂಪು ಮಣ್ಣೇ ಅಲ್ಲವೇ?" ಎಂದರು. ಹೌದು. ಆದರೆ ನಮ್ಮ ಕಡೆ ಮಳೆಗಾಲದ ತೇವಕ್ಕೆ ಬಳ್ಳಿಗೆ ಬೂಜುರೋಗ ತಗಲುವ ಭಯ. ಹದಮಾಡಿದ ಹೊಗೆಸೊಪ್ಪು ಹರಾಜಿನ ದಿನಕ್ಕಾಗಿ ಕಾಯುತ್ತದೆ, ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಹೊಗೆಸೊಪ್ಪು ಬಿಡಿರೆಂದು ಸುಲಭವಾಗಿ ಉಪದೇಶಿಸುವವರು ಇದನ್ನು ಯೋಚಿಸಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿತ್ತಿಲಿಗೆ ಒಂದು ಚಪ್ಪರವಾದರೂ ಹಾಕೋಣ, ಆ ಕಡೆ ಹೋದಾಗ ನಾಲ್ಕು ಕಡ್ಡಿ ತನ್ನಿ ಸ್ವಾಮಿ" ಎಂದರು. ತರುವುದಾಗಿ ಒಪ್ಪಿಕೊಂಡಿದ್ದೇನೆ.