ಬ್ಯಾಡಗಿಯ ಕೆಂಪು ಅಂಕಿಯಾದ ಬಗೆ

ಸಂತೆಯ ದಿನ ಬ್ಯಾಡಗಿ ಎಪಿಎಂಸಿ ಅಂಗಳಕ್ಕೆ ಕಾಲಿಟ್ಟರೆ ಮೊದಲು ಕೆಮ್ಮು ಬರುತ್ತದೆ, ಬಣ್ಣ ಕಾಣುವುದು ಆಮೇಲೆ. ಬಾಯಿ ಬಿಚ್ಚಿದ ಮೆಣಸಿನಕಾಯಿ ಚೀಲಗಳ ಸಾಲಿನ ನಡುವೆ ಖರೀದಿದಾರರು ಓಡಾಡುತ್ತಿರುತ್ತಾರೆ. ಒಂದು ಹಿಡಿ ಕಾಯಿ ಎತ್ತುತ್ತಾರೆ, ಅಂಗೈಯಲ್ಲಿ ಅದುಮಿ ಹಸಿ ಎಷ್ಟಿದೆ ನೋಡುತ್ತಾರೆ, ಒಂದನ್ನು ಮುರಿದು ಬೆಳಕಿಗೆ ಹಿಡಿಯುತ್ತಾರೆ. ಕಡ್ಡಿ ಬಗೆಯದೋ ಡಬ್ಬಿ ಬಗೆಯದೋ, ಸುಕ್ಕು ಹೇಗಿದೆ, ತೊಟ್ಟು ಹೇಗಿದೆ, ಕೆಂಪು ಎಷ್ಟು ಗಾಢ ಎಂಬುದೆಲ್ಲ ಕ್ಷಣದಲ್ಲಿ ತೀರ್ಮಾನವಾಗುತ್ತದೆ. ಸಂಜೆಯೊಳಗೆ ಟೆಂಡರ್ ಮುಗಿದು ದರ ಗೊತ್ತಾಗುತ್ತದೆ.

ಇದೇ ಕಾಯಿ ಬಣ್ಣದ ಸತ್ವ ತೆಗೆಯುವ ಕಾರ್ಖಾನೆಯ ಗೇಟು ದಾಟಿದ ಮೇಲೆ ಕಣ್ಣಳತೆಗೆ ಬೆಲೆಯಿಲ್ಲ. ಅಲ್ಲಿ ಕೇಳುವುದು ಒಂದೇ ಪ್ರಶ್ನೆ: ಆಸ್ಟಾ ಎಷ್ಟು? ಒಳ್ಳೆಯ ಬ್ಯಾಡಗಿ ಕಾಯಿಗೆ ಅದು 150ರ ಆಸುಪಾಸು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಮೆಣಸಿನಕಾಯಿಯ ಹೆಚ್ಚುಗಾರಿಕೆಯೇ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು. ಆ ಬಣ್ಣ ಅಂಕಿಯಾದ ಕತೆಯನ್ನು ಬೆನ್ನಟ್ಟಿದಾಗ ನನಗೆ ಸಿಕ್ಕಿದ್ದು ಗಾಜಿನ ಒಂದು ಫ್ಲಾಸ್ಕು ಮತ್ತು 16 ಗಂಟೆಗಳ ಕತ್ತಲೆ.

ಖಾರದ ಲೆಕ್ಕ ಮೊದಲೇ ಶುರುವಾಗಿತ್ತು. 1912ರಲ್ಲಿ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ಎಲ್ಲಿಗೆ ನಾಲಿಗೆಗೆ ಖಾರ ತಾಗುವುದು ನಿಲ್ಲುತ್ತದೆ ಎಂದು ಅಳೆದ. ಬಣ್ಣಕ್ಕೆ ನಾಲಿಗೆ ಉಪಯೋಗವಿಲ್ಲ. ಆ ಕೆಂಪಿನ ಮೂಲವಾದ ಕ್ಯಾಪ್ಸಾಂಥಿನ್ ಅನ್ನು 1927ರಲ್ಲಿ ಬೇರ್ಪಡಿಸಿದವರು ಹಂಗೇರಿಯ ಲಾಸ್ಲೋ ಜೆಕ್‌ಮೈಸ್ಟರ್ ಮತ್ತು ಚೋಲ್ನೊಕಿ. ಅವರ ಕೈಯಲ್ಲಿದ್ದದ್ದು ಹಂಗೇರಿಯ ಪಾಪ್ರಿಕಾ. ಬ್ಯಾಡಗಿಯ ಕೆಂಪೂ ಮುಖ್ಯವಾಗಿ ಅದೇ ವಸ್ತುವಿನದು. 1940ರಲ್ಲಿ ಜೆಕ್‌ಮೈಸ್ಟರ್ ಅಮೆರಿಕದ ಪ್ಯಾಸಡೀನಾದ ಕ್ಯಾಲ್ಟೆಕ್ ಸೇರಿದರು. ಮರುವರ್ಷ, 1941ರಲ್ಲಿ, ಅದೇ ಊರಿನ ಮಗ್ಗುಲಲ್ಲೇ ಆರ್ನಲ್ಡ್ ಬೆಕ್‌ಮನ್ ತಮ್ಮ ಸ್ಪೆಕ್ಟ್ರೋಫೋಟೋಮೀಟರನ್ನು ಮಾರುಕಟ್ಟೆಗೆ ತಂದರು. ಒಂದೇ ಊರಿನ ಸುತ್ತ ಮೆಣಸಿನ ಬಣ್ಣವನ್ನು ಬಿಡಿಸಿ ನೋಡಿದ ಮನುಷ್ಯನೂ ಬಣ್ಣ ಅಳೆಯುವ ಯಂತ್ರವೂ ಇದ್ದವು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅಳತೆಗೆ ಹೆಸರು ಕೊಟ್ಟದ್ದು 1907ರಲ್ಲಿ ಹುಟ್ಟಿದ ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಆಸ್ಟಾ.

ಪರೀಕ್ಷೆಯ ಕ್ರಮ ಹೀಗಿದೆ. ಹಲವು ಚೀಲಗಳಿಂದ ತೆಗೆದ ಕಾಯಿಯನ್ನು ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, 70ರಿಂದ 100 ಮಿಲಿಗ್ರಾಂ ತೂಗಬೇಕು. ಒಂದು ಚಿಟಿಕೆಯೂ ಆಗದ ಪುಡಿ ಅದು, ಕ್ವಿಂಟಲ್‌ಗಟ್ಟಲೆ ಮಾಲಿನ ಪರವಾಗಿ ಸಾಕ್ಷಿ ಹೇಳಬೇಕಾದದ್ದು. ಪುಡಿ ಮಾಡುವವರು ಮಾಸ್ಕು, ಕನ್ನಡಕ ಹಾಕಿಕೊಳ್ಳಲೇಬೇಕು. ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುವುದು ಯಾಕೆಂದು ಆಗ ತಿಳಿಯುತ್ತದೆ. ತೂಗಿದ ಪುಡಿಯನ್ನು 100 ಮಿಲಿಲೀಟರ್ ಅಳತೆಯ ಫ್ಲಾಸ್ಕಿಗೆ ಸುರಿದು ಕುತ್ತಿಗೆಯ ಗೆರೆಯ ತನಕ ಅಸಿಟೋನ್ ತುಂಬಬೇಕು. ಗೆರೆ ಕಣ್ಣಿನ ಮಟ್ಟಕ್ಕೇ ಬರಬೇಕು, ದ್ರವದ ಬಾಗಿದ ಮೇಲ್ಮೈಯ ತಳ ಗೆರೆಗೆ ಸರಿಯಾಗಿ ತಾಗಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಅಳತೆ ತಪ್ಪುತ್ತದೆ.

ಅಸಿಟೋನ್ ಉಗುರುಬಣ್ಣ ತೆಗೆಯುವ ದ್ರವದಲ್ಲೂ ಇರುವುದರಿಂದ ಪ್ರಯೋಗಾಲಯದ ಹುಡುಗರಿಗೆ ಅದರ ಬಗ್ಗೆ ಸಲಿಗೆ ಹೆಚ್ಚು. ಆದರೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದು ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದಮೇಲೆ ಹಾವೇರಿಯ ಏಪ್ರಿಲ್ ಮಧ್ಯಾಹ್ನದ ಮಾತು ಬೇರೆ ಹೇಳಬೇಕಿಲ್ಲ. ಆ ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ ಹರಿದು, ಆ ತುದಿಯಲ್ಲಿ ಯಾರೋ ಹಚ್ಚಿಟ್ಟ ಬನ್ಸೆನ್ ದೀಪವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಅಸಿಟೋನ್ ಬಾಟಲಿ ಬಿಚ್ಚಿದ ಕೋಣೆಯಲ್ಲಿ ಬೆಂಕಿ ಇರಕೂಡದು, ಆವಿ ಹೀರುವ ಕಪಾಟಿನ ಫ್ಯಾನ್ ತಿರುಗುತ್ತಿರಬೇಕು. ಪಿಪೆಟ್ಟಿಗೆ ಬಾಯಿ ಇಡಬಾರದು, ರಬ್ಬರ್ ಬಲ್ಬ್ ಇರುವುದೇ ಅದಕ್ಕೆ. ನಾನು ಓದಿದ ಕಾಲೇಜಿನಲ್ಲಿ ಬಲ್ಬುಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡಿದ್ದವು, ನಾವು ಬಾಯಿಂದಲೇ ಎಳೆದೆವು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಆಸ್ಪತ್ರೆಯಲ್ಲಿ ಕಾಣುವ ನೀಲಿ ನೈಟ್ರೈಲ್ ಕೈಗವಸು ಅಸಿಟೋನಿಗೆ ಬಹಳ ಹೊತ್ತು ತಾಳುವುದಿಲ್ಲ, ಬ್ಯೂಟೈಲ್ ರಬ್ಬರಿನದು ತಾಳುತ್ತದೆ. ಫ್ಲಾಸ್ಕಿನ ಬಿರಡೆ ಹಾಕಿ ಕುಲುಕಿದ ಮೇಲೆ ಒಳಗಿನ ಒತ್ತಡ ಬಿಡಲು ಬಿರಡೆಯನ್ನು ಮುಖದಿಂದ ಆಚೆಗೆ ತಿರುಗಿಸಿ ಸಡಿಲಿಸಬೇಕು. ಉಳಿದ ದ್ರವವನ್ನು ಸಿಂಕಿಗೆ ಸುರಿಯದೆ ಬೇರೆ ಡಬ್ಬಿಯಲ್ಲಿ ಶೇಖರಿಸಿಡಬೇಕು.

ನಂತರ ಫ್ಲಾಸ್ಕು 16 ಗಂಟೆ ಕತ್ತಲಲ್ಲಿ ಕೂರುತ್ತದೆ. ಬೆಳಕು ಬಿದ್ದರೆ ಅದೇ ಬಣ್ಣವನ್ನು ತಿನ್ನುತ್ತದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದು ನಿಂತದ್ದೂ ಬಿಸಿಲು, ಸೆಕೆಗಳಿಂದ ಈ ಕೆಂಪನ್ನು ಕಾಪಾಡಲು. ಮರುದಿನ ತಿಳಿದ್ರವವನ್ನು ಕ್ಯುವೆಟ್ ಎಂಬ ಗಾಜಿನ ಪುಟ್ಟ ಪಾತ್ರೆಗೆ ತುಂಬುತ್ತಾರೆ. ಅಗ್ಗದ ಪ್ಲಾಸ್ಟಿಕ್ಕಿನದನ್ನು ಅಸಿಟೋನ್ ಕರಗಿಸಿಬಿಡುತ್ತದೆ. ಕ್ಯುವೆಟ್ಟನ್ನು ಮಸುಕಾದ ಬದಿಗಳಲ್ಲಿ ಮಾತ್ರ ಹಿಡಿಯಬೇಕು, ಬೆಳಕು ಹಾಯುವ ಬದಿಗೆ ಬೆರಳಚ್ಚು ಬಿದ್ದರೆ ಅಂಕಿ ಕೆಡುತ್ತದೆ. ಯಂತ್ರ 460 ನ್ಯಾನೊಮೀಟರಿನ ಬೆಳಕನ್ನು ಹಾಯಿಸಿ ದ್ರವ ಎಷ್ಟು ಹೀರಿಕೊಂಡಿತು ಎಂದು ಹೇಳುತ್ತದೆ. ಅದನ್ನು 16.4ರಿಂದ ಗುಣಿಸಿ, ಗ್ರಾಂ ಲೆಕ್ಕದ ತೂಕದಿಂದ ಭಾಗಿಸಿ, ಯಂತ್ರದ ತಿದ್ದುಪಡಿ ಅಂಕಿಯಿಂದಲೂ ಗುಣಿಸಿದರೆ ಆಸ್ಟಾ. 70 ಮಿಲಿಗ್ರಾಂ ಪುಡಿಗೆ ಯಂತ್ರ 0.64 ತೋರಿಸಿದರೆ ಸುಮಾರು 150.

ಈ ಅಂಕಿ ಎಷ್ಟು ಬೆಳಕು ಹೀರಿತು ಎನ್ನುತ್ತದೆ, ಹೀರಿದ್ದು ಯಾರು ಎಂದು ಹೇಳುವುದಿಲ್ಲ. 2003ರಲ್ಲಿ ಭಾರತದಿಂದ ಹೋದ ಮೆಣಸಿನಪುಡಿಯಲ್ಲಿ ಸೂಡಾನ್ ಎಂಬ ಕೃತಕ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಾಗ ಅದನ್ನು ಹಿಡಿದುಕೊಡಲು ಬೇರೆ ಪರೀಕ್ಷೆಗಳೇ ಬೇಕಾದವು. ಆಮೇಲೆ ರಫ್ತಿನ ಮೆಣಸಿನಕಾಯಿಗೆ ಆ ತಪಾಸಣೆ ಕಡ್ಡಾಯವಾಯಿತು.

ಹೀಗೆ ಕೊಳ್ಳುವವರ ಕೈಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಸೇರುತ್ತ ಹೋಯಿತು. ಮಾರುವ ರೈತ ಮಾತ್ರ ಅಂಗೈಯಳತೆಯಲ್ಲೇ ಉಳಿದ. 2024ರ ಮಾರ್ಚ್ 11, ಸೋಮವಾರ, ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಆಸ್ಟಾ ಚೀಟಿ ಕೈಯಲ್ಲಿದ್ದಿದ್ದರೆ ಬೆಲೆ ಬೀಳುತ್ತಿರಲಿಲ್ಲ ಎನ್ನಲಾರೆ. ಆದರೆ ತನ್ನ ಮಾಲಿನ ಗುಣ ತನಗೇ ಗೊತ್ತಿಲ್ಲದೆ ಮಾರುವವನು ಚೌಕಾಸಿ ಮಾಡುವುದಾದರೂ ಯಾವುದರ ಮೇಲೆ?

ಪರೀಕ್ಷೆಗೆ 16 ಗಂಟೆ ಬೇಕು, ಟೆಂಡರ್ ಒಂದೇ ದಿನದಲ್ಲಿ ಮುಗಿಯುತ್ತದೆ ಎಂಬುದು ನೆಪವಾಗಬಹುದು. ಬಳ್ಳಾರಿ, ರಾಯಚೂರು ಕಡೆಯ ಲಾರಿಗಳು ಹಿಂದಿನ ದಿನವೇ ಬಂದು ನಿಲ್ಲುತ್ತವೆ. ಸಂಜೆ 6ಕ್ಕೆ ಅಸಿಟೋನಿಗೆ ಹಾಕಿದ ಪುಡಿ ಬೆಳಿಗ್ಗೆ 10ಕ್ಕೆ ಯಂತ್ರಕ್ಕೆ ಸಿದ್ಧ. ಸಾವಿರಾರು ಲಾಟುಗಳಿಗೂ ಆಗದಿದ್ದರೆ ಕೇಳಿದ ರೈತರಿಗಾದರೂ ಮಾಡಿಕೊಡಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ರಸಾಯನಶಾಸ್ತ್ರದ ಪದವಿ ವಿದ್ಯಾರ್ಥಿಗಳಿಗೆ ಪಿಪೆಟ್, ಫ್ಲಾಸ್ಕು ಹೊಸವಲ್ಲ. ಮಾರುಕಟ್ಟೆ ಅಂಗಳದಲ್ಲಿ ಒಂದು ಗಾಳಿಯಾಡುವ ಕೋಣೆ, ಒಂದು ತಕ್ಕಡಿ, ಒಂದು ಸ್ಪೆಕ್ಟ್ರೋಫೋಟೋಮೀಟರ್ ಕೊಟ್ಟು, ಅವರಿಗೆ ದಿನಗೂಲಿ ಕೊಡಲಿ. ಟೆಂಡರ್ ತೆರೆಯುವ ಮೊದಲು ಲಾಟಿನ ಚೀಟಿಯ ಮೇಲೆ ರೈತನ ಹೆಸರಿನ ಪಕ್ಕ ಆ ಅಂಕಿಯೂ ಬರೆದಿರಲಿ.