ಪರಂಗಿಯ ಹಣ್ಣು, ಮೂಲಿಕೆಯ ಪುಡಿ ಮತ್ತು ಗರ್ಭಪರೀಕ್ಷೆ

ಹಿಂದೂಪುರದ ಪೇಟೆಯಲ್ಲಾಗಲಿ ಕಲ್ಯಾಣದುರ್ಗದ ಸಂತೆಯಲ್ಲಾಗಲಿ ಪರಂಗಿಹಣ್ಣಿಗೆ ಕೊರತೆಯಿಲ್ಲ. ಆದರೂ ನಮ್ಮ ಸೀಮೆಯ ಹಿರಿಯರು ಬಸುರಿಯರಿಗೆ ಅದನ್ನು ಮುಟ್ಟಗೊಡುವುದಿಲ್ಲ. ಅದೇ ಮನೆಗಳಲ್ಲಿ ಡಬ್ಬಿಯಲ್ಲಿ ಬರುವ ಮೂಲಿಕೆಯ ಪುಡಿಯನ್ನು ಮಾತ್ರ, "ಗಿಡದ್ದಲ್ಲವೆ, ಏನಾದೀತು?" ಎಂದು ಧೈರ್ಯವಾಗಿ ಕೊಡುವುದುಂಟು. ಈ ಭಯವೂ ಈ ಧೈರ್ಯವೂ ಎಷ್ಟರಮಟ್ಟಿಗೆ ದಿಟವೆಂಬುದನ್ನು ಪ್ರಯೋಗಶಾಲೆಯಲ್ಲಿ ಅರಿಯುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಪರಂಗಿಯ ಪರೀಕ್ಷೆ ಸಿಂಗಪುರದಲ್ಲಿ ನಡೆದು, 2002ರಲ್ಲಿ ಅದರ ಫಲ ಪ್ರಕಟವಾಯಿತು. ಮೊದಲು ಗಬ್ಬದ ಇಲಿಗಳಿಗೆ ಮಾಗಿದ ಹಣ್ಣನ್ನು ಉಣಿಸಿ, ಹಣ್ಣು ಕೊಡದ ಇಲಿಗಳೊಡನೆ ಹೋಲಿಸಿದರು. ಗರ್ಭಕೋಶದಲ್ಲಿ ಪಿಂಡ ನೆಲೆಗೊಂಡ ಸ್ಥಾನಗಳೆಷ್ಟು, ಜೀವಂತ ಮರಿಗಳೆಷ್ಟು ಎಂದು ಎಣಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎರಡನೆಯ ಮಾರ್ಗವು ಇನ್ನೂ ಕುತೂಹಲಕರ. ಇಲಿಯ ಗರ್ಭಕೋಶದ ಒಂದು ಪಟ್ಟಿಯನ್ನು ಬೆಚ್ಚನೆಯ ಲವಣದ್ರಾವಣದಲ್ಲಿ ತೂಗುಬಿಟ್ಟು ಆಮ್ಲಜನಕವನ್ನು ಹಾಯಿಸಿದರೆ, ಶರೀರದಿಂದ ಬೇರ್ಪಟ್ಟರೂ ಅದು ಕೆಲವು ಗಂಟೆಗಳ ಕಾಲ ಜೀವಂತವಾಗಿರುತ್ತದೆ. ಅದರ ಸೆಳೆತವನ್ನು ಯಂತ್ರವು ರೇಖೆಯಾಗಿ ಬರೆಯುತ್ತದೆ. ಹಣ್ಣಿನ ರಸವನ್ನು ಬೆರೆಸಿದಾಗ ಸೆಳೆತ ಹುಟ್ಟಲಿಲ್ಲ. ಕಾಯಿಯ ಹಾಲನ್ನು ಬೆರೆಸಿದಾಗಲಾದರೋ, ಹೆರಿಗೆಯ ನೋವು ಬರಿಸಲು ವೈದ್ಯರು ಕೊಡುವ ಆಕ್ಸಿಟೋಸಿನ್ ಔಷಧಿಯಿಂದ ಆಗುವಂತೆಯೇ ಅದು ಬಲವಾಗಿ ಸೆಳೆದುಕೊಂಡಿತು. ಅಜ್ಜಿಯರ ಮಾತು ಕಾಯಿಗೂ ಅರೆಮಾಗಿದುದಕ್ಕೂ ಸಲ್ಲುತ್ತದೆ; ಚೆನ್ನಾಗಿ ಮಾಗಿದ ಹಣ್ಣಿಗೆ ಸಲ್ಲುವಂತೆ ತೋರುವುದಿಲ್ಲ.

ಆದರೆ ಗರ್ಭ ಉಳಿದರೆ ಸಾಲದು, ಶಿಶುವಿನ ಅಂಗಗಳು ನೆಟ್ಟಗಿರಬೇಕು. ಅದಕ್ಕಾಗಿ ಗಬ್ಬದ ಪ್ರಾಣಿಗಳಿಗೆ ಮೂರು ಪ್ರಮಾಣಗಳಲ್ಲಿ ವಸ್ತುವನ್ನು ಕೊಟ್ಟು, ಕೊಡದ ನಾಲ್ಕನೆಯ ಗುಂಪಿನೊಡನೆ ಹೋಲಿಸುವರು. ಗುಂಪಿಗೆ ಸುಮಾರು 20 ಪ್ರಾಣಿಗಳು. ಮರಿಗಳ ಎಲುಬುಗಳಿಗೆ ಅಲಿಜರಿನ್ ಎಂಬ ಕೆಂಪು ಬಣ್ಣವನ್ನೇರಿಸಿ ಒಂದೊಂದನ್ನೂ ನೋಡುವರು. (ಈ ಬಣ್ಣವನ್ನು ಮೊದಲು ತೆಗೆದದ್ದು ನಮ್ಮ ಮಂಜಿಷ್ಠದ ದಾಯಾದಿ ಗಿಡದ ಬೇರಿನಿಂದ!) ಇಲಿಯೊಂದನ್ನೇ ನಂಬುವಂತಿಲ್ಲ. 1957ರಿಂದ 1961ರವರೆಗೆ ಜರ್ಮನಿಯಲ್ಲಿ ಮಾರಾಟವಾದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯಿಂದ ಸಾವಿರಾರು ಶಿಶುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದವು. ಅದು ಇಲಿಯ ಮರಿಗಳಿಗೆ ಅಂಥ ಊನವನ್ನು ತರಲಿಲ್ಲ, ಮೊಲದ ಮರಿಗಳಿಗೆ ತಂದಿತು. ಆದುದರಿಂದ ಈಗ ಮೊಲವನ್ನೂ ಸೇರಿಸುವ ಪದ್ಧತಿಯಿದೆ.

ಮೂಲಿಕೆಯ ಪುಡಿಯಲ್ಲಿ ಮತ್ತೊಂದು ತೊಡಕು. ಅದು ಒಂದೇ ವಸ್ತುವಲ್ಲ; ನೆಲ, ಮಳೆ, ಕೊಯ್ಲಿನ ಕಾಲಗಳಿಗೆ ತಕ್ಕಂತೆ ಅದರ ಸಾರ ಬದಲಾಗುತ್ತದೆ. ಒಂದು ಡಬ್ಬಿಯ ಪರೀಕ್ಷೆ ಇನ್ನೊಂದಕ್ಕೆ ಸಾಕ್ಷಿಯಾಗದು. ಗಿಡ ಯಾವುದೆಂದು ಮೊದಲು ಗುರುತಿಸಿ, ಬಳಿಕ ಸೀಸ, ಪಾದರಸಗಳನ್ನು ಅಳೆಯುವರು. ಕಿಲೋಗ್ರಾಂ ಪುಡಿಯಲ್ಲಿ ಸೀಸವು 10 ಮಿಲಿಗ್ರಾಂ ಮೀರಕೂಡದು. ತಾಯಿಯ ರಕ್ತದ ಸೀಸವು ಮಾಸನ್ನು ದಾಟಿ ಶಿಶುವನ್ನು ಸೇರುತ್ತದೆ.