ಬೆನ್ನ ಹಿಂದಿನ ಕಣ್ಣು: ಕಾರಿನ ಪಕ್ಕದ ಕನ್ನಡಿಯನ್ನು ಮನೆಯಲ್ಲಿಯೇ ಬದಲಿಸುವ ಬಗೆ

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬುದು ನಾಡಿನ ನಾಣ್ಣುಡಿ. ಕಣ್ಣೆದುರಿನ ವಸ್ತುವಿಗೆ ಕನ್ನಡಿ ಬೇಡವೆಂಬುದು ದಿಟ; ಬೆನ್ನ ಹಿಂದಿನದಕ್ಕಾದರೋ ಅದು ಬೇಕೇ ಬೇಕು. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ರೇ ಹ್ಯಾರೂನ್ ಎಂಬ ಚಾಲಕನು, ಹಿಂದಿನಿಂದ ಬರುವವರನ್ನು ನೋಡಿ ಹೇಳುವ ಜೊತೆಗಾರನನ್ನು ಬಿಟ್ಟು, ಆ ಕೆಲಸಕ್ಕೆ ಕನ್ನಡಿಯೊಂದನ್ನು ಅಳವಡಿಸಿಕೊಂಡು ಗೆದ್ದನು. ಇಂದು ಆ ಜೊತೆಗಾರನ ಕೆಲಸವನ್ನು ಪ್ರತಿಯೊಂದು ಕಾರಿನ ಕನ್ನಡಿಯೂ ಮಾಡುತ್ತಿದೆ.

ಇಕ್ಕಟ್ಟಾದ ಬೀದಿಯಲ್ಲಿ ಕಂಬವೋ ಎದುರು ವಾಹನವೋ ತಾಗಿ ಪಕ್ಕದ ಕನ್ನಡಿ ಒಡೆಯುವುದು ಸಾಮಾನ್ಯ. ಒಡೆದ ಕನ್ನಡಿಯೊಡನೆ ತಿಂಗಳುಗಟ್ಟಲೆ ಓಡಾಡುವುದು ಮಾತ್ರ ಸಲ್ಲದು. ಶಾಲೆ ಬಿಡುವ ವೇಳೆಯಲ್ಲಿ ಎಡಗಡೆಯಿಂದ ಸೈಕಲ್ಲೇರಿ ಬರುವ ಬಾಲಕನು ಆ ಬಿರುಕಿನಲ್ಲಿಯೇ ಮರೆಯಾಗಬಹುದು.

ಇನ್ನೊಂದು ರೂಢಿಯುಂಟು. ಗಾಜಿನಂಗಡಿಯಲ್ಲಿ ಸಾಧಾರಣ ಕನ್ನಡಿಯನ್ನು ಅಳತೆಗೆ ಕತ್ತರಿಸಿ ಅಂಟಿಸಿಕೊಳ್ಳುವುದು. ಇದು ಅಪಾಯಕರ. ನಮ್ಮ ಬಹುತೇಕ ಕಾರುಗಳ ಪಕ್ಕದ ಕನ್ನಡಿ ಸಮತಲವಾದುದಲ್ಲ. ಹೊರಕ್ಕೆ ಉಬ್ಬಿದ ಪೀನದರ್ಪಣ. ಪೀನದರ್ಪಣವು ವಸ್ತುವನ್ನು ಚಿಕ್ಕದಾಗಿ ತೋರಿಸಿ, ಅದೇ ಗಾತ್ರದೊಳಗೆ ಹೆಚ್ಚು ವಿಸ್ತಾರವಾದ ದೃಶ್ಯವನ್ನು ಹಿಡಿಯುತ್ತದೆಂಬುದನ್ನು ನಮ್ಮ ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಸಮತಲ ಗಾಜನ್ನಿಟ್ಟರೆ ದೃಶ್ಯ ಕಿರಿದಾಗುತ್ತದೆ. ಪಕ್ಕದಲ್ಲಿ ಬರುವವನು ಕಾಣದೆ ಹೋಗುತ್ತಾನೆ. ಆದುದರಿಂದ ಕಾರಿನ ಮಾದರಿ, ತಯಾರಾದ ವರ್ಷ, ಎಡವೋ ಬಲವೋ ಎಂಬುದನ್ನು ತಿಳಿಸಿ ಅದಕ್ಕೆಂದೇ ಮಾಡಿದ ಗಾಜನ್ನು ಕೊಳ್ಳತಕ್ಕದ್ದು.

ಗಾಜು ಮಾತ್ರ ಒಡೆದಿದ್ದರೆ ಕೆಲಸ ಸುಲಭ. ಎಂಜಿನ್ ಆರಿಸಿ, ದಪ್ಪನೆಯ ಕೈಚೀಲವನ್ನೂ ಕನ್ನಡಕವನ್ನೂ ಧರಿಸಿ, ಚೂರುಗಳು ಚೆಲ್ಲದಂತೆ ಒಡೆದ ಗಾಜಿನ ಮೇಲೆ ಅಂಟುಪಟ್ಟಿ ಹಚ್ಚಬೇಕು. ಸಾಮಾನ್ಯವಾಗಿ ಗಾಜು ಪ್ಲಾಸ್ಟಿಕ್ ತಟ್ಟೆಯೊಂದಕ್ಕೆ ಅಂಟಿದ್ದು, ಆ ತಟ್ಟೆ ಹಿಂದಿನ ಕೊಂಡಿಗಳಿಗೆ ಸಿಕ್ಕಿಕೊಂಡಿರುತ್ತದೆ. ಒಂದು ಅಂಚನ್ನು ಒಳಕ್ಕೆ ಒತ್ತಿದರೆ ಎದುರಿನ ಅಂಚು ಮೇಲೇಳುತ್ತದೆ. ಆ ಸಂದಿಗೆ ಬಟ್ಟೆ ಸುತ್ತಿದ ಚಪ್ಪಟೆ ಮರದ ತುಂಡನ್ನಿಟ್ಟು ಮೆಲ್ಲನೆ ಮೀಟಬೇಕು. ಹಿಂದೆ ವೈರುಗಳಿದ್ದರೆ ಅವುಗಳ ಸ್ಥಾನವನ್ನು ಗುರುತಿಟ್ಟುಕೊಂಡು ಬಿಡಿಸಬೇಕು. ಹೊಸ ಗಾಜಿಗೆ ವೈರುಗಳನ್ನು ಸೇರಿಸಿ, ತಟ್ಟೆಯನ್ನು ಕೊಂಡಿಗಳ ನೇರಕ್ಕೆ ಹಿಡಿದು, ಮೇಲೆ ಬಟ್ಟೆ ಹಾಸಿ, ಅಂಗೈಯಿಂದ ನಡುಭಾಗವನ್ನು ಒತ್ತಿದರೆ ‘ಟಕ್’ ಎಂಬ ಸದ್ದಿನೊಡನೆ ಕೂರುತ್ತದೆ. ಅಂಚನ್ನು ಒತ್ತಿದರೆ ಹೊಸ ಗಾಜೂ ಒಡೆದೀತು. ಕೆಲವು ಕಾರುಗಳಲ್ಲಿ ಜೋಡಣೆಯ ಕ್ರಮ ಬೇರೆ ಇರುವುದರಿಂದ ಕಾರಿನೊಡನೆ ಬಂದ ಕೈಪಿಡಿಯನ್ನು ಮೊದಲು ನೋಡುವುದು ವಿಹಿತ.

ಕವಚವೂ ಮುರಿದಿದ್ದರೆ ಇಡಿಯ ಕನ್ನಡಿಯನ್ನೇ ಬದಲಿಸಬೇಕು. ಬಾಗಿಲಿನ ಒಳಗಡೆ, ಕನ್ನಡಿಯ ನೇರಕ್ಕೆ, ತ್ರಿಕೋನಾಕಾರದ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಅದನ್ನು ಮೀಟಿ ತೆಗೆದರೆ ಸಾಮಾನ್ಯವಾಗಿ ಮೂರು ಸ್ಕ್ರೂಗಳೋ ನಟ್ಟುಗಳೋ ಕಾಣುತ್ತವೆ. ಅವು ಬಾಗಿಲಿನೊಳಗೆ ಬೀಳದಂತೆ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಕು. ವೈರಿನ ಪ್ಲಗ್ಗನ್ನು ಬಿಡಿಸಿ, ಕೊನೆಯ ಸ್ಕ್ರೂವನ್ನು ಸಡಿಲಿಸುವಾಗ ಇನ್ನೊಬ್ಬರು ಹೊರಗಿನಿಂದ ಕನ್ನಡಿಯನ್ನು ಹಿಡಿದಿರಬೇಕು. ಹೊಸದನ್ನು ಇದೇ ಕ್ರಮವನ್ನು ತಿರುಗುಮುರುಗಾಗಿಸಿ ಜೋಡಿಸುವುದು. ಕನ್ನಡಿಯಲ್ಲಿ ಕ್ಯಾಮೆರಾ ಇದ್ದರೆ, ಅಥವಾ ಬಾಗಿಲಿನ ಒಳಹಲಗೆಯನ್ನೇ ಬಿಚ್ಚಬೇಕಾಗಿ ಬಂದರೆ, ಬಲ್ಲ ಮೆಕ್ಯಾನಿಕ್ಕರಿಗೆ ಒಪ್ಪಿಸುವುದೇ ಜಾಣತನ.

ಕಡೆಯ ಕೆಲಸವೇ ಮುಖ್ಯವಾದುದು. ಚಾಲಕನ ಆಸನದಲ್ಲಿ ನಿತ್ಯದಂತೆ ಕುಳಿತು, ಕಾರಿನ ಪಕ್ಕೆ ಕನ್ನಡಿಯ ಒಳ ಅಂಚಿನಲ್ಲಿ ತೆಳುವಾಗಿ ಮಾತ್ರ ಕಾಣುವಂತೆಯೂ, ಹಿಂದಿನ ದಾರಿ ನಡುವಿಗೆ ಬರುವಂತೆಯೂ ಹೊಂದಿಸಬೇಕು. ಇಷ್ಟಾದರೂ ಪೀನದರ್ಪಣದಲ್ಲಿ ದೂರವಿರುವಂತೆ ತೋರುವ ವಾಹನ ನಿಜವಾಗಿ ಹತ್ತಿರದಲ್ಲಿರುತ್ತದೆ. ಕನ್ನಡಿಗೆ ನಿಲುಕದ ಮೂಲೆಯೂ ಉಂಟು. ತಿರುಗುವ ಮುನ್ನ ಒಮ್ಮೆ ಕತ್ತು ಹೊರಳಿಸಿ ನೋಡುವುದನ್ನು ಯಾವ ಕನ್ನಡಿಯೂ ತಪ್ಪಿಸಲಾರದು.

ಶರಣರು ಕಾಯಕದಲ್ಲಿ ಮೇಲು ಕೀಳೆಂಬ ಭೇದವನ್ನೆಣಿಸಲಿಲ್ಲ. ಅರ್ಧ ಗಂಟೆಯ ಈ ಕೈಗೆಲಸದಿಂದ ಉಳಿಯುವ ಹಣ ಅಲ್ಪವೇ ಇರಬಹುದು. ಅದರಿಂದ ಉಳಿಯುವ ಜೀವ ಅಲ್ಪವಲ್ಲ.